ನಮ್ಯ ವಿದ್ಯುತ್ ಬೇಡಿಕೆ ಮತ್ತು ಅದರ ಮಾರುಕಟ್ಟೆ: ದೆಹಲಿ ರಾಜಧಾನಿ ಪ್ರದೇಶ

ಬೆಲೆಗೋ ಸೂಚನೆಗೋ ಒಪ್ಪಂದಕ್ಕೋ ಓಗೊಟ್ಟು ಗ್ರಾಹಕರು ತಮ್ಮ ವಿದ್ಯುತ್ ಬಳಕೆಯ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳುವುದನ್ನು, ಇಲ್ಲವೆ ಕೆಲಕಾಲ ಅದರ ಪ್ರಮಾಣವನ್ನು ತಗ್ಗಿಸುವುದನ್ನು ನಮ್ಯ ಬೇಡಿಕೆ ಎನ್ನುತ್ತಾರೆ. ಇದು ಉಳಿತಾಯವಲ್ಲ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಕೊಂಡವರು ಯೂನಿಟ್ ಉಳಿಸುತ್ತಾರೆ. ಚಳಿಗಾಲದ ಬೆಳಗಿನ ಗೀಸರನ್ನು ಮಧ್ಯಾಹ್ನಕ್ಕೆ ಸರಿಸಿದವರು ಅಷ್ಟೇ ಯೂನಿಟ್ ಬಳಸುತ್ತಾರೆ, ಆದರೆ ಬೇರೆ ಹೊತ್ತಿನಲ್ಲಿ. ಜಾಲಕ್ಕೆ ಕೆಲವೊಮ್ಮೆ ಎರಡನೆಯವರ ಉಪಕಾರವೇ ದೊಡ್ಡದು.

ವಿದ್ಯುತ್ತಿನ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ತಾಳೆಯಾಗಬೇಕು. ಭಾರತದ ಜಾಲದ ಆವರ್ತನ 50 ಹರ್ಟ್ಸ್, ಅದನ್ನು 49.90ರಿಂದ 50.05ರೊಳಗೆ ಹಿಡಿದಿಡುವುದು ನಿಯಮ. ಹಿಂದಿನ ಶತಮಾನದ ಪದ್ಧತಿಯಲ್ಲಿ ಜನ ತಮಗೆ ಬೇಕಾದಾಗ ಸ್ವಿಚ್ ಒತ್ತುತ್ತಿದ್ದರು, ಸ್ಥಾವರಗಳು ಅದಕ್ಕೆ ತಕ್ಕಂತೆ ಏರಿಳಿಯುತ್ತಿದ್ದವು. ಸೂರ್ಯ ಮತ್ತು ಗಾಳಿಯ ಪಾಲು ಹೆಚ್ಚಿದಂತೆ ಈ ಕ್ರಮ ಸಾಲದು. ಬಿಸಿಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲವಾದ್ದರಿಂದ, ಬಳಕೆಯ ಒಂದು ಭಾಗವಾದರೂ ಉತ್ಪಾದನೆಯ ಹಿಂದೆ ಹೋಗಬೇಕು. ಅಮೆರಿಕದ ಎಂಐಟಿಯಲ್ಲಿದ್ದ ಫ್ರೆಡ್ ಶ್ವೆಪ್ಪೆ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲೇ ಈ ವಿಚಾರವನ್ನು ಮಂಡಿಸಿದ್ದರು. ಆಗ ಅದನ್ನು ನಡೆಸಿ ತೋರಿಸುವ ಮೀಟರು ಇರಲಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ನೀರಿದೆ. 1,035 ಮೆಗಾವಾಟ್‌ನ ಶರಾವತಿ ಸ್ಥಾವರವನ್ನು ಬೇಕಾದ ಹೊತ್ತಿಗೆ ಏರಿಸಿ ಬೇಡವಾದಾಗ ಇಳಿಸಬಹುದು. ರೈತರ ಪಂಪ್‌ಸೆಟ್‌ಗಳ ಫೀಡರ್‌ಗಳನ್ನು ಬೇರ್ಪಡಿಸಿದ ಮೇಲೆ ಅವುಗಳಿಗೆ ಕರೆಂಟು ಕೊಡುವ ಹೊತ್ತನ್ನು ಬಿಸಿಲಿನ ವೇಳೆಗೆ ಸರಿಸಲೂ ದಾರಿಯಾಯಿತು. ಪಾವಗಡದಂಥ 2,050 ಮೆಗಾವಾಟ್‌ನ ಸೌರ ಪಾರ್ಕ್ ಇರುವ ರಾಜ್ಯಕ್ಕೆ ಇದು ಸಣ್ಣ ಅನುಕೂಲವಲ್ಲ. ದೆಹಲಿಗೆ ಇವೆರಡೂ ಇಲ್ಲ. ಅಣೆಕಟ್ಟಿಲ್ಲ, ಹೇಳಿಕೊಳ್ಳುವಷ್ಟು ಪಂಪ್‌ಸೆಟ್ಟೂ ಇಲ್ಲ. ಇರುವುದು ಮನೆ, ಅಂಗಡಿ, ಕಚೇರಿ ಮತ್ತು ಅವುಗಳ ಗೋಡೆಯ ಮೇಲಿನ ಎಸಿ. ಅಲ್ಲಿ ಬೇಡಿಕೆಯನ್ನು ಸರಿಸುವುದೆಂದರೆ ಲಕ್ಷಾಂತರ ಮನೆಗಳ ದಿನಚರಿಯನ್ನು ಮುಟ್ಟುವುದು. ಕಟ್ಟಡಗಳೇ ತುಂಬಿದ ಬಿಸಿಪ್ರದೇಶದ ಮಹಾನಗರವೊಂದು ಈ ಪರೀಕ್ಷೆಯನ್ನು ಹೇಗೆ ಎದುರಿಸುತ್ತದೆ ಎಂಬುದಕ್ಕೆ ದೆಹಲಿ ಒಳ್ಳೆಯ ಉದಾಹರಣೆ.

ದೆಹಲಿಯ ಲೋಡು

2002ರಲ್ಲಿ ದೆಹಲಿಯ ಗರಿಷ್ಠ ಬೇಡಿಕೆ 2,879 ಮೆಗಾವಾಟ್. 2024ರ ಜೂನ್ 19ರ ಮಧ್ಯಾಹ್ನ ಮೂರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಅದು 8,656 ಮೆಗಾವಾಟ್ ಮುಟ್ಟಿತು. ಎರಡು ದಶಕಗಳಲ್ಲಿ ಮೂರು ಪಟ್ಟು. ಅದೇ ವರ್ಷದ ಜನವರಿಯ ಚಳಿಯಲ್ಲಿ ಗರಿಷ್ಠ ಬೇಡಿಕೆ 5,816 ಮೆಗಾವಾಟ್ ಇತ್ತು. ಬೇಸಿಗೆ ಚಳಿಗಾಲಗಳ ನಡುವಿನ ಈ ಅಂತರವನ್ನು ತುಂಬಲು ದೆಹಲಿಯ ವಿತರಣಾ ಕಂಪನಿಗಳು ಹಳೆಯದೊಂದು ಕೈಸಾಲದ ಪದ್ಧತಿಯನ್ನು ನಡೆಸಿಕೊಂಡು ಬಂದಿವೆ: ಹಿಮಾಚಲದಂಥ ಜಲವಿದ್ಯುತ್ ರಾಜ್ಯಗಳಿಂದ ಬೇಸಿಗೆಯಲ್ಲಿ ಕರೆಂಟು ಪಡೆದು ಚಳಿಗಾಲದಲ್ಲಿ ಹಿಂದಿರುಗಿಸುವುದು. ಹಣದ ಬದಲು ಯೂನಿಟ್‌ಗೆ ಯೂನಿಟ್. ಕರ್ನಾಟಕವೂ ಉತ್ತರಪ್ರದೇಶ, ಪಂಜಾಬ್‌ಗಳ ಜೊತೆ ಇಂಥ ವಿನಿಮಯ ಮಾಡಿಕೊಂಡಿದೆ. ಋತುಮಾನದ ಏರುಪೇರಿಗೆ ಇದು ಸಾಕು. ದಿನದೊಳಗಿನ ಏರುಪೇರಿಗೆ ಸಾಲದು.

ದಿನದೊಳಗೆ ದೆಹಲಿಯ ಬೇಸಿಗೆಗೆ ಎರಡು ಶಿಖರಗಳಿವೆ. ಒಂದು ಮಧ್ಯಾಹ್ನದ್ದು: ಕಚೇರಿ, ಮಾಲ್, ಅಂಗಡಿ, ಮನೆ ಎಲ್ಲವೂ ಒಟ್ಟಿಗೆ ತಂಪು ಬೇಡುವ ಹೊತ್ತು. ಇನ್ನೊಂದು ರಾತ್ರಿ ಹತ್ತರ ನಂತರದ್ದು. ಹಗಲೆಲ್ಲ ಕಾದ ಇಟ್ಟಿಗೆ ಕಾಂಕ್ರೀಟಿನ ಗೋಡೆಗಳು ಆಗ ಒಳಗೆ ಬಿಸಿ ಬಿಡುತ್ತವೆ, ಮಲಗುವ ಕೋಣೆಗಳ ಎಸಿ ಒಟ್ಟಿಗೆ ಚಾಲೂ ಆಗುತ್ತವೆ. 2024ರ ಜೂನ್‌ನ ಆ ದಿನಗಳಲ್ಲಿ ರಾತ್ರಿಯ ಕನಿಷ್ಠ ತಾಪಮಾನವೇ 35 ಡಿಗ್ರಿಯ ಆಸುಪಾಸಿನಲ್ಲಿತ್ತು. ರಾತ್ರಿ ತಂಪಾಗದ ಊರಿನಲ್ಲಿ ಮೀಟರಿಗೆ ಬಿಡುವಿಲ್ಲ.

ಈ ಎರಡು ಶಿಖರಗಳು ನೋಡಲು ಒಂದೇ ತೆರ, ಸ್ವಭಾವ ಬೇರೆ. ಮಧ್ಯಾಹ್ನ ಮೂರಕ್ಕೆ ರಾಜಸ್ಥಾನದ ಸೌರ ಫಲಕಗಳು ಇನ್ನೂ ಚೆನ್ನಾಗಿ ಉತ್ಪಾದಿಸುತ್ತಿರುತ್ತವೆ. ದೇಶದ ಜಾಲದಲ್ಲಿ ಆಗ ಕರೆಂಟಿಗೆ ಬರವಿಲ್ಲ. 2024ರ ಮೇ 30ರಂದು ಇಡೀ ಭಾರತದ ಬೇಡಿಕೆ 250 ಗಿಗಾವಾಟ್ ಮುಟ್ಟಿದಾಗ ಅದನ್ನು ಪೂರೈಸಲು ಸಾಧ್ಯವಾದದ್ದು ಹಗಲಿನ ಸೌರಶಕ್ತಿ ಕೈಹಿಡಿದದ್ದರಿಂದಲೂ ಹೌದು. ಆದರೆ ಅದೇ ಮೂರು ಗಂಟೆಗೆ ಲಕ್ಷ್ಮೀನಗರದಲ್ಲೋ ಉತ್ತಮನಗರದಲ್ಲೋ ಓಣಿಯ ಟ್ರಾನ್ಸ್‌ಫಾರ್ಮರ್ ಕುದಿಯುತ್ತಿರುತ್ತದೆ. ಅಂದರೆ ಜಾಲಕ್ಕೆ ಸುಲಭವಾದ ಹೊತ್ತು ಓಣಿಯ ತಂತಿಗೆ ಕಷ್ಟದ ಹೊತ್ತು. ರಾತ್ರಿ ಹನ್ನೊಂದಕ್ಕೆ ಎರಡಕ್ಕೂ ಕಷ್ಟ. ಬಿಸಿಲಿಲ್ಲ, ಹೆಚ್ಚುವರಿ ಯೂನಿಟ್ ಬಹುಮಟ್ಟಿಗೆ ಕಲ್ಲಿದ್ದಲಿನದು, ಟ್ರಾನ್ಸ್‌ಫಾರ್ಮರಿಗೂ ವಿಶ್ರಾಂತಿಯಿಲ್ಲ. ದೆಹಲಿಯ ನಮ್ಯ ಬೇಡಿಕೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಎಡವುವುದು ಈ ವ್ಯತ್ಯಾಸವನ್ನು ಮರೆತಾಗಲೇ.

ನಗರದೊಳಗಿನ ಉತ್ಪಾದನೆಯೂ ಕುಗ್ಗಿದೆ. ಇಂದ್ರಪ್ರಸ್ಥ ಮತ್ತು ರಾಜಘಾಟ್ ಕಲ್ಲಿದ್ದಲು ಸ್ಥಾವರಗಳು ಮೊದಲು ಮುಚ್ಚಿದವು; 705 ಮೆಗಾವಾಟ್‌ನ ಬದರ್‌ಪುರ್ 2018ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಕಾರಣ ಹೊಗೆ. ಉಳಿದಿರುವುದು ಬವಾನಾದಂಥ ಅನಿಲ ಸ್ಥಾವರಗಳು, ಅವುಗಳಿಗೂ ಅನಿಲದ ಕೊರತೆ. ದೆಹಲಿ ತನ್ನ ಕರೆಂಟಿನ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ.

ನಮ್ಯತೆಯ ಹಳೆಯ ರೂಪಗಳು

ಬೇಡಿಕೆಯನ್ನು ಬಗ್ಗಿಸುವುದು ದೆಹಲಿಗೆ ಹೊಸತಲ್ಲ. ಲೋಡ್ ಶೆಡ್ಡಿಂಗ್ ಅದರ ಒರಟು ರೂಪ. ಫೀಡರ್ ಒಂದನ್ನು ಪೂರ್ತಿ ಕತ್ತರಿಸಿದರೆ ಆಸ್ಪತ್ರೆಯ ಫ್ರಿಜ್ಜೂ ಅಂಗಡಿಯ ಅಲಂಕಾರದ ದೀಪವೂ ಒಟ್ಟಿಗೆ ಆರುತ್ತವೆ. ಯಾರಿಗೆ ಎಷ್ಟು ಬೇಕಿತ್ತು ಎಂದು ಯಾರೂ ಕೇಳುವುದಿಲ್ಲ, ಆರಿಸಿಕೊಂಡವರಿಗೆ ಯಾರೂ ದುಡ್ಡು ಕೊಡುವುದಿಲ್ಲ. 2002ರ ಜುಲೈಯಲ್ಲಿ ದೆಹಲಿ ವಿದ್ಯುತ್ ಮಂಡಳಿಯನ್ನು ಒಡೆದು ವಿತರಣೆಯನ್ನು ಮೂರು ಕಂಪನಿಗಳಿಗೆ ವಹಿಸಿದಾಗ ನಷ್ಟ ಮತ್ತು ಕಳವಿನ ಪ್ರಮಾಣ ಒಟ್ಟು ಕರೆಂಟಿನ ಅರ್ಧದಷ್ಟಿತ್ತು. ದಕ್ಷಿಣ ಮತ್ತು ಪಶ್ಚಿಮ ಭಾಗ ಬಿಎಸ್‌ಇಎಸ್ ರಾಜಧಾನಿಗೆ, ಪೂರ್ವ ಮತ್ತು ಮಧ್ಯಭಾಗ ಬಿಎಸ್‌ಇಎಸ್ ಯಮುನಾಗೆ, ಉತ್ತರ ಭಾಗ ಇಂದು ಟಾಟಾ ಪವರ್ ದೆಹಲಿ ಡಿಸ್ಟ್ರಿಬ್ಯೂಷನ್ ಎನಿಸಿಕೊಂಡಿರುವ ಕಂಪನಿಗೆ ಹೋಯಿತು. ನವದೆಹಲಿ ನಗರಪಾಲಿಕೆ ಮತ್ತು ದಂಡು ಪ್ರದೇಶಗಳ ವ್ಯವಸ್ಥೆ ಬೇರೆ. ನಷ್ಟ ಈಗ ಒಂದಂಕಿಗೆ ಇಳಿದಿದೆ. ನಮ್ಯ ಬೇಡಿಕೆಗೆ ಇದೇ ಅಡಿಪಾಯ. ಅಳೆಯಲಾಗದ್ದನ್ನು ಸರಿಸಿದರೆ ಲೆಕ್ಕ ಸಿಗುವುದಿಲ್ಲ.

2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಬಿದ್ದು, ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಕತ್ತಲಾಯಿತು. ದೆಹಲಿ ಮೆಟ್ರೋ ಸುರಂಗದಲ್ಲೇ ನಿಂತಿತು. ಬೇಡಿಕೆಯನ್ನು ಹದವಾಗಿ ತಗ್ಗಿಸುವ ಸಾಧನವಿಲ್ಲದ ಜಾಲದ ಗತಿ ಏನೆಂಬುದಕ್ಕೆ ಇಂದಿಗೂ ತೋರಿಸುವ ಉದಾಹರಣೆ ಅದೇ.

ನಗರದ ಗಡಿಯಾಚೆ, ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್‌ಗಳ ಬಹುಮಹಡಿ ವಸತಿ ಸೊಸೈಟಿಗಳಲ್ಲಿ ಇನ್ನೊಂದು ರೂಪ ಬೆಳೆಯಿತು. ಅಲ್ಲಿ ಇಡೀ ಸೊಸೈಟಿಗೆ ಒಂದೇ ಸಂಪರ್ಕ, ನೆಲಮಾಳಿಗೆಯಲ್ಲೋ ಹಿತ್ತಲಲ್ಲೋ ಡೀಸೆಲ್ ಜನರೇಟರ್, ಪ್ರತಿ ಫ್ಲ್ಯಾಟಿಗೆ ಎರಡು ದರ ತೋರಿಸುವ ಪ್ರೀಪೇಯ್ಡ್ ಮೀಟರ್. ಕರೆಂಟು ಹೋಗಿ ಜನರೇಟರ್ ಬಂದ ಕೂಡಲೇ ಯೂನಿಟ್ ದರ ಎರಡು ಮೂರು ಪಟ್ಟಾಗುತ್ತದೆ. ಗೊತ್ತುಮಾಡಿದ ಕಿಲೋವಾಟ್ ಮೀರಿದರೆ ಫ್ಲ್ಯಾಟಿನ ಸಂಪರ್ಕವೇ ಕಡಿಯುತ್ತದೆ. ಮನೆಯವರು ಓಡಿಹೋಗಿ ಒಂದು ಎಸಿ ಆರಿಸುತ್ತಾರೆ, ಗೀಸರ್ ಬಂದ್ ಮಾಡುತ್ತಾರೆ. ಅರ್ಥಶಾಸ್ತ್ರಜ್ಞರು ಪುಸ್ತಕದಲ್ಲಿ ಬರೆಯುವ ಕ್ಷಣದರ ಪದ್ಧತಿಯೆಂದರೆ ಇದೇ. 'ನಮ್ಮ ಜನಕ್ಕೆ ವೇಳೆಗೊಂದು ದರ ಅರ್ಥವಾಗುವುದಿಲ್ಲ' ಎನ್ನುವವರು ಈ ಸೊಸೈಟಿಗಳಲ್ಲಿ ಒಂದು ಬೇಸಿಗೆ ಕಳೆಯಬೇಕು. ದೋಷ ಪದ್ಧತಿಯದಲ್ಲ, ಡೀಸೆಲಿನದು. ರಾಜಧಾನಿ ಪ್ರದೇಶದ ವಾಯು ಗುಣಮಟ್ಟ ನಿರ್ವಹಣಾ ಆಯೋಗ 2023ರ ಅಕ್ಟೋಬರ್‌ನಿಂದ ಜನರೇಟರ್‌ಗಳ ಮೇಲೆ ಬಿಗಿ ಷರತ್ತು ಹಾಕಿದ ಮೇಲೆ ಅವುಗಳ ಜಾಗ ತುಂಬುವ ಬೇರೊಂದರ ಹುಡುಕಾಟ ಅನಿವಾರ್ಯವಾಯಿತು.

ಪ್ರಯೋಗಗಳ ದಶಕ

ದೆಹಲಿಯಲ್ಲಿ ಪ್ರಯೋಗಗಳಿಗೆ ಕೊರತೆಯಿಲ್ಲ. ಟಾಟಾ ಪವರ್ ದೆಹಲಿ 2014ರ ಸುಮಾರಿಗೆ ಉತ್ತರ ದೆಹಲಿಯ ನೂರಕ್ಕೂ ಹೆಚ್ಚು ದೊಡ್ಡ ಗ್ರಾಹಕರನ್ನು, ಅಂದರೆ ಕಾರ್ಖಾನೆ ಮತ್ತು ವಾಣಿಜ್ಯ ಸಂಸ್ಥೆಗಳನ್ನು, ಹನಿವೆಲ್ ಕಂಪನಿಯ ಸ್ವಯಂಚಾಲಿತ ವ್ಯವಸ್ಥೆಗೆ ಜೋಡಿಸಿತು. ನಿಯಂತ್ರಣ ಕೊಠಡಿಯಿಂದ ಸಂಕೇತ ಹೋದರೆ ಮೊದಲೇ ಒಪ್ಪಿಕೊಂಡ ಯಂತ್ರಗಳಷ್ಟೇ ಕೆಲಹೊತ್ತು ತಗ್ಗುತ್ತಿದ್ದವು. ದೇಶದಲ್ಲಿ ಇಂಥದ್ದರ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಸರಿದ ಲೋಡು ಕೆಲವೇ ಮೆಗಾವಾಟ್. ತಾಂತ್ರಿಕವಾಗಿ ಅದು ನಡೆಯಿತು. ಆದರೆ ಭಾಗವಹಿಸಿದವರಿಗೆ ಶಾಶ್ವತವಾಗಿ ಹಣ ಕೊಡುವ ಲೆಕ್ಕದ ಬಾಬತ್ತು ದರ ನಿಯಮಗಳಲ್ಲಿ ಇರಲಿಲ್ಲ. ಮುಂದೆ ಮನೆಬಳಕೆಯವರಿಗೆ ಸಂದೇಶ ಕಳಿಸಿ, ಗೊತ್ತಾದ ಹೊತ್ತಿನಲ್ಲಿ ಬಳಕೆ ತಗ್ಗಿಸಲು ಕೋರುವ ಪ್ರಯೋಗವೂ ನಡೆಯಿತು. ದಕ್ಷಿಣದಲ್ಲಿ ಬಿಎಸ್‌ಇಎಸ್ ರಾಜಧಾನಿ, ಗ್ರಾಹಕರ ಬಳಕೆಯನ್ನು ಅವರಂಥವೇ ಮನೆಗಳ ಬಳಕೆಯ ಜೊತೆ ಹೋಲಿಸಿ ವರದಿ ಕಳಿಸುವ ಕ್ರಮ ಹಿಡಿಯಿತು. ದ್ವಾರಕಾದಲ್ಲಿ ಛಾವಣಿ ಸೌರಶಕ್ತಿಯನ್ನು ನೆರೆಮನೆಗೆ ಮಾರುವ ಪ್ರಯೋಗವನ್ನು ಪವರ್ ಲೆಡ್ಜರ್ ಎಂಬ ಆಸ್ಟ್ರೇಲಿಯಾದ ಸಂಸ್ಥೆಯ ಜೊತೆ ಕೈಗೊಂಡಿತು.

ಬ್ಯಾಟರಿಯ ಕಥೆ ಇದಕ್ಕಿಂತ ಗಟ್ಟಿ. 2019ರ ಫೆಬ್ರುವರಿಯಲ್ಲಿ ರೋಹಿಣಿಯ ಸಬ್‌ಸ್ಟೇಷನ್‌ನಲ್ಲಿ 10 ಮೆಗಾವಾಟ್ ಸಾಮರ್ಥ್ಯದ, ಒಂದು ಗಂಟೆ ಕರೆಂಟು ಕೊಡಬಲ್ಲ ಬ್ಯಾಟರಿ ಶುರುವಾಯಿತು. ಜಾಲದ ಮಟ್ಟದಲ್ಲಿ ಭಾರತದಲ್ಲಿ ಅದೇ ಮೊದಲನೆಯದು. 2025ರಲ್ಲಿ ದಕ್ಷಿಣ ದೆಹಲಿಯ ಕಿಲೋಕರಿಯಲ್ಲಿ 20 ಮೆಗಾವಾಟ್‌ನ, ಎರಡು ಗಂಟೆ ತಾಳುವ ಬ್ಯಾಟರಿ ಬಿಎಸ್‌ಇಎಸ್ ರಾಜಧಾನಿಯ ಜಾಲಕ್ಕೆ ಸೇರಿತು. ಇಂಡಿಗ್ರಿಡ್ ಕಟ್ಟಿದ ಇದಕ್ಕೆ ಜಾಗತಿಕ ದತ್ತಿ ಒಕ್ಕೂಟವೊಂದರ ರಿಯಾಯಿತಿ ಸಾಲ ಸಿಕ್ಕಿತ್ತು. ರಿಯಾಯಿತಿಗಿಂತ ಮುಖ್ಯವಾದದ್ದು ದೆಹಲಿ ವಿದ್ಯುತ್ ನಿಯಂತ್ರಣ ಆಯೋಗದ ಒಪ್ಪಿಗೆ. ವಿತರಣಾ ಕಂಪನಿಯೊಂದು ಬ್ಯಾಟರಿಯ ಬಾಡಿಗೆಯನ್ನು ಕರೆಂಟು ಖರೀದಿಯಂತೆಯೇ ತನ್ನ ಲೆಕ್ಕಕ್ಕೆ ಹಾಕಿಕೊಳ್ಳಬಹುದು ಎಂದು ಆಯೋಗ ಒಪ್ಪಿದ ಮೇಲೆ ಕೆಲಸ ಓಡಿತು. ಬ್ಯಾಟರಿಗೆ ಸಿಕ್ಕ ಈ ಮಾನ್ಯತೆ, ಎಸಿ ಆರಿಸುವ ಗ್ರಾಹಕನಿಗೆ ಇನ್ನೂ ಸಿಕ್ಕಿಲ್ಲ.

ದರ ಎಂಬ ಸೂಚನೆ

ದೆಹಲಿಯ ವೇಳೆ ದರ 10 ಕಿಲೋವಾಟ್ ಮೀರಿದ ಮನೆಯೇತರ ಗ್ರಾಹಕರಿಗೆ ಕಡ್ಡಾಯ, ಮೂರು ಫೇಸ್‌ನ ಮನೆಗಳಿಗೆ ಐಚ್ಛಿಕ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ 2ರಿಂದ 5 ಮತ್ತು ರಾತ್ರಿ 10ರಿಂದ 1 ಗಂಟೆಯ ಬಳಕೆಗೆ ಶೇ 20 ಹೆಚ್ಚು. ಬೆಳಗಿನ 4ರಿಂದ 10ರವರೆಗೆ ಶೇ 20 ಕಡಿಮೆ. ದೆಹಲಿಯ ಎರಡು ಶಿಖರಗಳಿಗೆ ಅಳತೆ ಹಿಡಿದು ಹೊಲಿದ ದರ ಇದು, ಅದರಲ್ಲಿ ಅನುಮಾನವಿಲ್ಲ.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿದಾಗ ಇಲ್ಲೊಂದು ಇಕ್ಕಟ್ಟು ಹುಟ್ಟಿತು. ಸೂರ್ಯನಿರುವ ಎಂಟು ತಾಸು ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು; ಬೇಡಿಕೆಯ ಏರುಹೊತ್ತಿನಲ್ಲಿ ಉದ್ಯಮ ವಾಣಿಜ್ಯಗಳಿಗೆ 1.2 ಪಟ್ಟು, ಉಳಿದವರಿಗೆ 1.1 ಪಟ್ಟು ಇರಬೇಕು; ದೊಡ್ಡ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ, ಕೃಷಿಯ ಹೊರತು ಉಳಿದವರಿಗೆ 2025ರ ಏಪ್ರಿಲ್‌ನಿಂದ ಜಾರಿ ಎಂದಿತು ಆ ನಿಯಮ. ದೇಶದ ಜಾಲವನ್ನು ನೋಡಿದರೆ ಇದು ಸರಿ. ದೆಹಲಿಯ ತಂತಿಯನ್ನು ನೋಡಿದರೆ ಮಧ್ಯಾಹ್ನ ಮೂರರ ಬಳಕೆಗೆ ರಿಯಾಯಿತಿ ಕೊಡುವುದೆಂದರೆ ಕುದಿಯುವ ಟ್ರಾನ್ಸ್‌ಫಾರ್ಮರಿನ ಮೇಲೆ ಇನ್ನಷ್ಟು ಹೊರೆ ಹೇರಿದ ಹಾಗೆ. ಎರಡು ಬೇರೆ ಕೊರತೆಗಳನ್ನು ಒಂದೇ ದರದ ಬಾಯಲ್ಲಿ ಹೇಳಿಸಲು ಹೋದರೆ ಗ್ರಾಹಕನಿಗೆ ತಲುಪುವುದು ಗೊಂದಲ. ಶಕ್ತಿಯ ದರವನ್ನು ಬೇರೆ, ತಂತಿಯ ಬಾಡಿಗೆಯನ್ನು ಬೇರೆ ಮಾಡಿ, ತಂತಿಯ ಬಾಡಿಗೆ ಬಡಾವಣೆಯಿಂದ ಬಡಾವಣೆಗೆ ಬದಲಾಗುವಂತೆ ಮಾಡುವುದೊಂದೇ ತರ್ಕಬದ್ಧ ದಾರಿ. ರಾಜಕೀಯವಾಗಿ ಅದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ. ಸಾಕೇತಕ್ಕೊಂದು ದರ, ಸೀಲಂಪುರಕ್ಕೊಂದು ದರ ಎಂದು ಯಾವ ಸರ್ಕಾರ ಹೇಳೀತು? ಹಣವನ್ನು ದರದಲ್ಲಿ ಸೇರಿಸದೆ, ಇಕ್ಕಟ್ಟಿರುವ ಬಡಾವಣೆಯಲ್ಲಿ ಲೋಡು ತಗ್ಗಿಸಿದವರಿಗೆ ಬಹುಮಾನವಾಗಿ ಕೊಡುವುದು ಹೆಚ್ಚು ಜಾಣತನ.

ಮನೆಗಳ ವಿಷಯಕ್ಕೆ ಬಂದರೆ ದರದ ಸೂಚನೆ ಬಹುಪಾಲು ಬಾಗಿಲಲ್ಲೇ ನಿಲ್ಲುತ್ತದೆ. ದೆಹಲಿಯಲ್ಲಿ ಒಟ್ಟು ಬಳಕೆಯ ಅರ್ಧಕ್ಕಿಂತ ಹೆಚ್ಚು ಮನೆಗಳದು. 2019ರ ಆಗಸ್ಟ್‌ನಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. 201ರಿಂದ 400ರವರೆಗೆ ಅರ್ಧ ಸಬ್ಸಿಡಿ, ಗರಿಷ್ಠ ₹800. ಅದರಾಚೆ ಬಳಕೆಯ ಹಂತಕ್ಕೆ ತಕ್ಕಂತೆ ಯೂನಿಟ್‌ಗೆ ₹6.50ರಿಂದ ₹8. ಈ ಎಲ್ಲವೂ ತಿಂಗಳ ಮೊತ್ತದ ಲೆಕ್ಕ, ಹೊತ್ತಿನ ಲೆಕ್ಕವಲ್ಲ. ಬಡವರಿಗೆ ಕರೆಂಟು ಅಗ್ಗವಾಗಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಸೊನ್ನೆ ಬಿಲ್ಲಿನ ಮನೆಗೆ 'ರಾತ್ರಿ ಹನ್ನೊಂದಕ್ಕೆ ಬಟ್ಟೆ ಒಗೆಯುವ ಯಂತ್ರ ಹಾಕಬೇಡಿ' ಎಂದರೆ ಕೇಳುವ ಕಾರಣ ಅವರಿಗಿಲ್ಲ. ಅವರಿಗೆ ಕೊಡಬೇಕಾದದ್ದು ದಂಡದ ದರವಲ್ಲ, ಸರಿಸಿದ ಯೂನಿಟ್‌ಗೆ ಕೈಗೆ ಬರುವ ಹಣ. ಸಬ್ಸಿಡಿ ಹಾಗೇ ಇದ್ದು, ಮೇಲಿಂದ ಬಹುಮಾನ ಸಿಗುವಂತಾದರೆ ಜನ ಪ್ರತಿಭಟಿಸುವುದಿಲ್ಲ.

ದರವನ್ನು ತಿದ್ದುವ ಯಂತ್ರವೇ ಜಡ್ಡುಗಟ್ಟಿದ್ದು ಇನ್ನೊಂದು ತೊಡಕು. 2021ರ ಸೆಪ್ಟೆಂಬರ್‌ನ ಆದೇಶದ ನಂತರ ಹಲವು ವರ್ಷ ದೆಹಲಿಗೆ ಹೊಸ ದರಾದೇಶವೇ ಬರಲಿಲ್ಲ. ಕಂಪನಿಗಳಿಗೆ ಬರಬೇಕಾದ, ಆದರೆ ಗ್ರಾಹಕರಿಂದ ಇನ್ನೂ ವಸೂಲಾಗದ ಬಾಕಿ 2024ರ ಮಾರ್ಚ್ ಕೊನೆಗೆ ₹27,200 ಕೋಟಿ ದಾಟಿತ್ತು. ಇಂಥ ಬಾಕಿಗಳನ್ನು ಗೊತ್ತಾದ ಕಾಲದೊಳಗೆ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಹಳೆಯ ಸಾಲದ ಲೆಕ್ಕದಲ್ಲೇ ಮುಳುಗಿದ ಆಯೋಗ ಹೊಸ ದರದ ಸೂಕ್ಷ್ಮಗಳಿಗೆ ಹೊತ್ತು ಕೊಡುವುದು ಕಷ್ಟ.

ಸಗಟು ಮಾರುಕಟ್ಟೆ

ವಿಚಿತ್ರವೆಂದರೆ, ಹೊತ್ತಿಗೆ ತಕ್ಕ ಬೆಲೆ ದೆಹಲಿಯ ಪಕ್ಕದಲ್ಲೇ, ನೋಯ್ಡಾದಿಂದ ನಡೆಯುವ ಭಾರತೀಯ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದಿನಕ್ಕೆ 96 ಸಲ ತೀರ್ಮಾನವಾಗುತ್ತದೆ. 2008ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಮರುದಿನದ ಕರೆಂಟನ್ನು ಹದಿನೈದು ನಿಮಿಷದ ತುಂಡುಗಳಾಗಿ ಹರಾಜು ಮಾಡುತ್ತಾರೆ. 2020ರ ಜೂನ್‌ನಿಂದ ತಾಸೆರಡು ತಾಸು ಮುಂಚಿನ ಖರೀದಿಗೂ ಮಾರುಕಟ್ಟೆಯಿದೆ. ಸಂಜೆ ಮತ್ತು ರಾತ್ರಿಯ ತುಂಡುಗಳು ಬೇಸಿಗೆಯಲ್ಲಿ ಯೂನಿಟ್‌ಗೆ ₹10ರ ಮಿತಿಯನ್ನು ಮುಟ್ಟುವುದು ಅಪರೂಪವಲ್ಲ. ನಡುಹಗಲಿನವು ಅದರ ಒಂದಂಶಕ್ಕೆ ಸಿಗುತ್ತವೆ. 2025ರ ಮೇ ತಿಂಗಳ ಭಾನುವಾರವೊಂದರ ಹಗಲಲ್ಲಿ ಬೆಲೆ ಸೊನ್ನೆಗೇ ಬಂದಿತ್ತು. ಮಳೆ ಬಂದು ಎಸಿಗಳು ನಿಂತಿದ್ದವು, ಬಿಸಿಲೂ ಗಾಳಿಯೂ ಬೇರೆಡೆ ಉತ್ಪಾದಿಸುತ್ತಲೇ ಇದ್ದವು. ಕಲ್ಲಿದ್ದಲು ಸ್ಥಾವರಗಳನ್ನು ಪೂರ್ತಿ ಆರಿಸಲಾಗದು. ಬಹಳ ಕಾಲ ಶೇ 55 ಅವುಗಳ ಕೆಳಮಿತಿಯಾಗಿತ್ತು, ಅದನ್ನು ಶೇ 40ಕ್ಕೆ ಇಳಿಸುವ ನಿಯಮ 2023ರಲ್ಲಷ್ಟೇ ಬಂದದ್ದು. ಹೀಗಾಗಿ ಹಗಲಲ್ಲಿ ರಾಜಸ್ಥಾನದ ಸೌರ ಘಟಕಗಳಿಗೆ ತಗ್ಗಿಸಲು ಹೇಳಬೇಕಾಗುತ್ತದೆ, ಪ್ರಸರಣ ಮಾರ್ಗಗಳ ಕೊರತೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಅದೇ ದಿನ ರಾತ್ರಿ ಕಲ್ಲಿದ್ದಲು ಹೆಚ್ಚು ಸುಡುತ್ತದೆ. ಭಾರತದಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಸರಾಸರಿಯೊಳಗೆ ನಡುಹಗಲು ನಡುರಾತ್ರಿಗಳ ಅಂತರ ಅಡಗಿದೆ.

ವಿತರಣಾ ಕಂಪನಿಗಳು ಮುಂಗಡವಾಗಿ ಹೇಳಿದ ಬೇಡಿಕೆಗೂ ನಿಜವಾಗಿ ಎಳೆದುಕೊಂಡದ್ದಕ್ಕೂ ವ್ಯತ್ಯಾಸ ಬಂದರೆ ದಂಡ ತೆರಬೇಕು. ಆದ್ದರಿಂದ ಅವುಗಳಿಗೆ ನಮ್ಯ ಬೇಡಿಕೆಯ ಬೆಲೆ ಮೂರು ಕಡೆಯಿಂದ ಬರಬಹುದು: ದುಬಾರಿ ಖರೀದಿ ತಪ್ಪುವುದು, ದಂಡ ತಪ್ಪುವುದು, ಹೊಸ ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ಹಾಕುವ ಖರ್ಚು ಮುಂದೂಡುವುದು. ನಾಲ್ಕನೆಯದೂ ಒಂದಿದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2022ರ ಪೂರಕ ಸೇವೆಗಳ ನಿಯಮಗಳು ಆವರ್ತನ ಕಾಯುವ ಕೆಲಸವನ್ನು ಸ್ಥಾವರಗಳಷ್ಟೇ ಅಲ್ಲ, ಬ್ಯಾಟರಿ ಮತ್ತು ಬೇಡಿಕೆಯ ಕಡೆಯವರೂ ಮಾಡಬಹುದು ಎನ್ನುತ್ತವೆ. ಬಾಗಿಲು ತೆರೆದಿದೆ. ಒಳಗೆ ಬಂದ ಮನೆ ಎಸಿಗಳು ಇನ್ನೂ ಕಾಣಿಸುತ್ತಿಲ್ಲ. ಸಾವಿರಾರು ಸಣ್ಣ ಲೋಡುಗಳನ್ನು ಒಟ್ಟುಗೂಡಿಸಿ ಮಾರುವ ಮಧ್ಯವರ್ತಿಗೆ ಸ್ಪಷ್ಟ ಕಾನೂನು ಸ್ಥಾನ ಇಲ್ಲದಿರುವುದು ಅದಕ್ಕೊಂದು ಕಾರಣ.

ಆ ಸ್ಥಾನಕ್ಕಾಗಿ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿತ್ತು. ಬಳಸದೆ ಬಿಟ್ಟ ಯೂನಿಟ್‌ಗೂ ಉತ್ಪಾದಿಸಿದ ಯೂನಿಟ್‌ನಷ್ಟೇ ಬೆಲೆ ಕೊಡಬೇಕೆಂಬ 2011ರ ಒಕ್ಕೂಟ ಆದೇಶವನ್ನು ಉತ್ಪಾದಕರು ಪ್ರಶ್ನಿಸಿದರು. ಅಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶವನ್ನು ಎತ್ತಿಹಿಡಿಯಿತು. ಬ್ರಿಟನ್ನಿನ ಜಾಲ ನಿರ್ವಾಹಕರು 2022-23ರ ಚಳಿಗಾಲದಲ್ಲಿ ಮನೆಗಳಿಗೇ ಹಣ ಕೊಟ್ಟು ಲೋಡು ತಗ್ಗಿಸಿದರು, ಸುಮಾರು 16 ಲಕ್ಷ ಮನೆ ಮತ್ತು ವ್ಯವಹಾರಗಳು ಸೇರಿಕೊಂಡವು. ಫ್ರಾನ್ಸ್ ದಶಕಗಳಿಂದ ನೀರು ಕಾಯಿಸುವ ಹಂಡೆಗಳನ್ನು ತಂತಿಯ ಮೂಲಕವೇ ಬರುವ ಸಂಕೇತದಿಂದ ರಾತ್ರಿಗೆ ಸರಿಸುತ್ತ ಬಂದಿದೆ, ಅದಕ್ಕೆ ಇಂಟರ್‌ನೆಟ್ಟೂ ಬೇಕಿರಲಿಲ್ಲ. ಬ್ರಿಟನ್, ಫ್ರಾನ್ಸ್‌ಗಳಲ್ಲಿ ಕಷ್ಟ ಬಹುಮಟ್ಟಿಗೆ ಚಳಿಗಾಲದ ಸಂಜೆಯದು. ಬೆಚ್ಚಗಿನ ನೀರು ತಾಸುಗಟ್ಟಲೆ ಬಿಸಿಯಾಗಿರುತ್ತದೆ. ದೆಹಲಿಯ ಬಿಸಿರಾತ್ರಿಯಲ್ಲಿ ತಂಪಾದ ಕೋಣೆ ಅಷ್ಟು ಹೊತ್ತು ತಂಪಾಗಿರುವುದಿಲ್ಲ. ಅವರ ಪಾಠಗಳನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬರಲಾಗದು.

ಅಳತೆಯ ಪ್ರಶ್ನೆ

ಉತ್ಪಾದಿಸಿದ್ದನ್ನು ಅಳೆಯಬಹುದು. ಬಳಸದೆ ಬಿಟ್ಟದ್ದನ್ನು ಊಹಿಸಬೇಕು. ಸಂಕೇತ ಬಾರದಿದ್ದರೆ ಈ ಗ್ರಾಹಕ ಎಷ್ಟು ಬಳಸುತ್ತಿದ್ದ ಎಂಬ ಆಧಾರರೇಖೆಯೇ ಇಡೀ ವ್ಯವಹಾರದ ಬುಡ. ಹಿಂದಿನ ಹತ್ತು ಕೆಲಸದ ದಿನಗಳಲ್ಲಿ ಹೆಚ್ಚು ಬಳಕೆಯ ಐದನ್ನು ಆರಿಸಿ ಸರಾಸರಿ ತೆಗೆಯುವುದು ಬಳಕೆಯಲ್ಲಿರುವ ವಿಧಾನಗಳಲ್ಲೊಂದು. ಇದರಲ್ಲಿ ಮೋಸಕ್ಕೂ ಜಾಗವಿದೆ: ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಅಗತ್ಯವಿಲ್ಲದೆ ದೀಪ ಹಚ್ಚಿ, ಆಮೇಲೆ ಆರಿಸಿ, ಲೋಡು ತಗ್ಗಿಸಿದ ಹಣ ಪಡೆದ ಪ್ರಕರಣ 2013ರಲ್ಲಿ ದಂಡದೊಂದಿಗೆ ಮುಗಿಯಿತು. ದೆಹಲಿಯಲ್ಲಿ ಮೋಸಕ್ಕಿಂತ ಹವಾಮಾನವೇ ದೊಡ್ಡ ತೊಂದರೆ. ಒಂದು ಧೂಳುಗಾಳಿ ಬೀಸಿ ಎಂಟು ಡಿಗ್ರಿ ಇಳಿದರೆ ಯಾರೂ ಏನೂ ಮಾಡದೆಯೇ ಲೋಡು ತಾನಾಗಿ ಕುಸಿಯುತ್ತದೆ, ಹಳೆಯ ಸರಾಸರಿಯನ್ನು ನಂಬಿದರೆ ಎಲ್ಲರಿಗೂ ಬಹುಮಾನ ಕೊಡಬೇಕಾಗುತ್ತದೆ.

ಇದಕ್ಕೆಲ್ಲ ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸುವ ಸ್ಮಾರ್ಟ್ ಮೀಟರ್ ಬೇಕು. ಕೇಂದ್ರದ 2021ರ ಸುಧಾರಣಾ ಯೋಜನೆ 25 ಕೋಟಿ ಸ್ಮಾರ್ಟ್ ಮೀಟರ್‌ಗಳ ಗುರಿ ಇಟ್ಟುಕೊಂಡಿದ್ದರೂ, ಖಾಸಗಿ ವಿತರಣಾ ಕಂಪನಿಗಳನ್ನು ಅದರಿಂದ ಹೊರಗಿಟ್ಟಿತು. ಮೀಟರಿನ ವಿಷಯದಲ್ಲಿ ಮೊದಲು ನಡೆದ ದೆಹಲಿಗೇ ಆ ಅನುದಾನವಿಲ್ಲ. 2025ರಲ್ಲಿ ಕೇಂದ್ರ ಇಂಧನ ಇಲಾಖೆ ಕೈಗೆತ್ತಿಕೊಂಡ 'ಇಂಡಿಯಾ ಎನರ್ಜಿ ಸ್ಟ್ಯಾಕ್' ಬೇರೆ ಬೇರೆ ಕಂಪನಿಗಳ ಮೀಟರು, ಚಾರ್ಜರು, ಬ್ಯಾಟರಿಗಳು ಒಂದೇ ಭಾಷೆಯಲ್ಲಿ ಮಾತಾಡುವಂತೆ ಮಾಡುವ ಡಿಜಿಟಲ್ ಚೌಕಟ್ಟು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮುಖ್ಯ ಮಾರ್ಗದರ್ಶಕರು. ಯುಪಿಐ ಹಣಕ್ಕೆ ಮಾಡಿದ್ದನ್ನು ಇದು ಕರೆಂಟಿಗೆ ಮಾಡುತ್ತದೆ ಎಂಬ ಉತ್ಸಾಹದ ಮಾತು ಕೇಳಿಬರುತ್ತಿದೆ. ಹಣ ಕಳಿಸಲು ಯಾರ ದರಾದೇಶವೂ ಬೇಕಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಸರಿಯುವ ಲೋಡು, ಸರಿಯದ ಲೋಡು

ಎಲ್ಲ ಲೋಡೂ ಸಮನಲ್ಲ. ದೆಹಲಿ ಜಲಮಂಡಳಿಯ ಪಂಪುಗಳು ಹೈದರ್‌ಪುರ, ವಜೀರಾಬಾದ್, ಸೋನಿಯಾ ವಿಹಾರಗಳಿಂದ ನೀರನ್ನು ನೆಲದಡಿಯ ಜಲಾಗಾರಗಳಿಗೆ ತುಂಬುತ್ತವೆ; ಜಲಾಗಾರದಲ್ಲಿ ಜಾಗವಿದ್ದಷ್ಟು ಮಟ್ಟಿಗೆ ಆ ಕೆಲಸವನ್ನು ನಡುಹಗಲಿಗೆ ಸರಿಸಬಹುದು, ಕುಡಿಯುವ ನೀರಿನ ಹೊತ್ತು ಕೆಡುವುದಿಲ್ಲ. ಆಜಾದ್‌ಪುರ ಮಂಡಿಯ ಆಸುಪಾಸಿನ ಶೀತಲಗೃಹಗಳು ಹಗಲಲ್ಲಿ ಎರಡು ಡಿಗ್ರಿ ಹೆಚ್ಚು ತಂಪಾಗಿಸಿಕೊಂಡು ರಾತ್ರಿ ಯಂತ್ರ ತಗ್ಗಿಸಬಹುದು. ಮೆಟ್ರೋ ರೈಲನ್ನು ಸರಿಸಲಾಗದು, ಆದರೆ ಅದು ಕೊಳ್ಳುವ ಕರೆಂಟನ್ನು ಬದಲಿಸಬಹುದು. ಮಧ್ಯಪ್ರದೇಶದ ರೀವಾ ಸೌರ ಪಾರ್ಕಿನಿಂದ ಮೆಟ್ರೋ 2019ರಿಂದ ಕರೆಂಟು ಪಡೆಯುತ್ತಿದೆ.

ವಿದ್ಯುತ್ ವಾಹನಗಳ ಪ್ರಶ್ನೆ ಸ್ವಲ್ಪ ಜಟಿಲ. ಬಸ್ ಡಿಪೋಗಳೂ ಇ-ರಿಕ್ಷಾದವರೂ ದುಡಿಮೆ ಮುಗಿಸಿ ಚಾರ್ಜಿಗೆ ಹಾಕುವುದು ರಾತ್ರಿ ಹತ್ತರ ಮೇಲೆ, ಸರಿಯಾಗಿ ಎರಡನೆಯ ಶಿಖರದ ಹೊತ್ತಿಗೆ. ಡಿಪೋದ ಚಾರ್ಜರ್‌ಗೆ ರಾತ್ರಿ ಒಂದರ ನಂತರ ಶುರುಮಾಡು ಎಂದು ತಂತ್ರಾಂಶದಲ್ಲಿ ಬರೆದರೆ ಸಾಕು. ಇ-ರಿಕ್ಷಾದವನಿಗೆ ಹಾಗೆ ಹೇಳಲಾಗದು. ಅವನು ಚಾರ್ಜಿಂಗ್ ಷೆಡ್ಡಿನವನಿಗೆ ರಾತ್ರಿಗಿಷ್ಟು ಎಂದು ಕೊಡುತ್ತಾನೆ, ದರದ ಏರಿಳಿತ ಅವನ ತನಕ ಬರುವುದೇ ಇಲ್ಲ. ಉಳಿತಾಯವೆಲ್ಲ ಷೆಡ್ಡಿನವನ ಜೇಬಿಗೆ.

ಎಸಿಯೇ ಮುಖ್ಯ ಕಣ. 2020ರ ಜನವರಿಯಿಂದ ಮಾರುವ ಕೋಣೆ ಎಸಿಗಳು ಚಾಲೂ ಆದಾಗ ತಾನಾಗಿ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮವಿದೆ. ಸಂಜೆ ಐದರ ಬಿಸಿಲು ಇಳಿಯುವ ಮುನ್ನ ಮನೆಯನ್ನು ಮುಂಚಿತವಾಗಿ ತಂಪು ಮಾಡಿಟ್ಟುಕೊಂಡರೆ ರಾತ್ರಿಯ ಹೊರೆ ಇಳಿಯುತ್ತದೆ ಎಂಬ ಸಲಹೆ ದಪ್ಪ ಗೋಡೆಯ, ನೆರಳಿನ ಕಟ್ಟಡಕ್ಕೆ ಸರಿ. ನಾಲ್ಕಿಂಚಿನ ಗೋಡೆ, ಬೋಳು ತಾರಸಿಯ ಅನಧಿಕೃತ ಬಡಾವಣೆಯ ಕೋಣೆಗೆ ಅದು ಬರೀ ದಂಡ; ತುಂಬಿದ ತಂಪು ಅರ್ಧ ತಾಸಿಗೆ ಹೋಗುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಅಲ್ಲಿ ಸ್ಮಾರ್ಟ್ ಎಸಿಗಿಂತ ದೊಡ್ಡ ನಮ್ಯತೆ. ಬಿಸಿಗಾಳಿಯ ರಾತ್ರಿ ಮುದುಕರಿರುವ ಮನೆಯ ಎಸಿಯನ್ನು ದೂರದಿಂದ ತಗ್ಗಿಸುವ ಯಾವ ಒಪ್ಪಂದಕ್ಕೂ, ಮನೆಯವರು ಕೂಡಲೇ ಅದನ್ನು ಮೀರುವ ಗುಂಡಿ ಇರಲೇಬೇಕು. ಇಲ್ಲವಾದರೆ ಅದು ಬೇರೆ ಹೆಸರಿನ ಲೋಡ್ ಶೆಡ್ಡಿಂಗ್.

ನಾಲ್ಕು ರಾಜ್ಯ, ಒಂದು ನಗರ

ರಾಷ್ಟ್ರ ರಾಜಧಾನಿ ಪ್ರದೇಶ 55 ಸಾವಿರ ಚದರ ಕಿಲೋಮೀಟರ್ ಹರಡಿದೆ. ದೆಹಲಿ ಅದರಲ್ಲಿ 1,483 ಮಾತ್ರ. ಉಳಿದದ್ದು ಹರಿಯಾಣ, ಉತ್ತರಪ್ರದೇಶ, ರಾಜಸ್ಥಾನಗಳದು. ವಿದ್ಯುತ್ ಕಾಯ್ದೆ 2003ರ ಪ್ರಕಾರ ಚಿಲ್ಲರೆ ದರ ಆಯಾ ರಾಜ್ಯದ ಆಯೋಗದ ಕೈಯಲ್ಲಿದೆ. ಆದ್ದರಿಂದ ಒಂದೇ ಬಿಸಿಗಾಳಿಗೆ ಸಿಕ್ಕ ದ್ವಾರಕಾ ಮತ್ತು ಗುರುಗ್ರಾಮಗಳಿಗೆ ಬೇರೆ ದರ, ಬೇರೆ ಏರುಹೊತ್ತು, ಬೇರೆ ನಿಯಮ. ನೆರೆಮನೆಗೆ ಸೌರ ಕರೆಂಟು ಮಾರುವ ಮಾರ್ಗಸೂಚಿಯನ್ನು ಉತ್ತರಪ್ರದೇಶ 2023ರಲ್ಲೇ, ಲಖನೌದ ಪ್ರಯೋಗದ ನಂತರ, ಹೊರಡಿಸಿತು, ದೆಹಲಿ ಆಮೇಲೆ. ಆದರೆ ನೋಯ್ಡಾದ ಛಾವಣಿಯ ಯೂನಿಟ್ಟನ್ನು ರಾಜ್ಯದ ಗಡಿ ದಾಟಿಸಿ ದೆಹಲಿಯ ಮಯೂರ್ ವಿಹಾರಕ್ಕೆ ಮಾರುವ ದಾರಿ ಈ ಮಾರ್ಗಸೂಚಿಗಳಲ್ಲಿಲ್ಲ. ಗಾಳಿಯ ವಿಷಯಕ್ಕೆ ಇಡೀ ಪ್ರದೇಶಕ್ಕೊಂದು ಆಯೋಗ ಕಟ್ಟಲು ಸಾಧ್ಯವಾಯಿತು. ಕರೆಂಟಿಗೆ ಅಂಥದ್ದೊಂದು ಜಂಟಿ ವೇದಿಕೆಯಾದರೂ ಬೇಕು, ಕನಿಷ್ಠ ಪಕ್ಷ ನಾಲ್ಕೂ ಆಯೋಗಗಳ ಆಧಾರರೇಖೆಯ ಲೆಕ್ಕ ಒಂದೇ ಆಗಿರಬೇಕು.

ಮಹಾರಾಷ್ಟ್ರದ ಆಯೋಗ 2024ರಲ್ಲಿ ವಿತರಣಾ ಕಂಪನಿಗಳು ತಮ್ಮ ಗರಿಷ್ಠ ಬೇಡಿಕೆಯ ಇಂತಿಷ್ಟು ಪಾಲನ್ನು ನಮ್ಯ ಬೇಡಿಕೆಯಿಂದಲೇ ಪೂರೈಸಬೇಕೆಂದು ಗುರಿ ಹಾಕಿತು. ಹಸಿರು ಕರೆಂಟು ಕೊಳ್ಳುವ ಕಡ್ಡಾಯದಂತೆಯೇ ಇದೂ ಒಂದು ಕಡ್ಡಾಯ. ದೆಹಲಿ ಆಯೋಗದ ಬಳಿ 2014ರಿಂದ ಬೇಡಿಕೆ ನಿರ್ವಹಣೆಯ ನಿಯಮಗಳಿವೆ, ಹತ್ತು ವರ್ಷದ ಪ್ರಯೋಗಗಳ ದಾಖಲೆಯಿದೆ, ನಷ್ಟ ತಗ್ಗಿಸಿದ ವಿತರಣಾ ಜಾಲವಿದೆ, ಎರಡು ಶಿಖರಗಳನ್ನು ಗುರುತಿಸಿದ ವೇಳೆ ದರವೂ ಇದೆ. ಇಲ್ಲದಿರುವುದು ಗುರಿ, ಮತ್ತು ಸರಿಸಿದ ಯೂನಿಟ್ಟಿಗೆ ಕೊಟ್ಟ ಹಣವನ್ನು ಕೊಂಡ ಯೂನಿಟ್ಟಿನ ಖರ್ಚಿನಂತೆಯೇ ಒಪ್ಪುವ ಒಂದು ಆದೇಶ. ದೆಹಲಿ ಮಾಡಬೇಕಾದ ಮೊದಲ ಕೆಲಸ ಆ ಆದೇಶ. ಅದನ್ನೂ ಮಧ್ಯಾಹ್ನ ಮೂರರ ಶಿಖರಕ್ಕಲ್ಲ, ರಾತ್ರಿ ಹನ್ನೊಂದರ ಶಿಖರಕ್ಕೆ ಮೊದಲು ಅನ್ವಯಿಸಬೇಕು.